ತಮಾರಾಳ ಮೊಣಕಾಲು ಮತ್ತು ನನ್ನ ಅರಬಿ

ಗೋಡೆಯುದ್ದಕ್ಕೂ ಮೊಳೆಗಳಿಗೆ ನೇತುಹಾಕಿದ ಮೂವತ್ತು ನಲವತ್ತು ಕಪ್ಪು ನಿಲುವಂಗಿಗಳು. ಅದರಾಚೆ, ಕಿಟಕಿಗಳಿಗೆಲ್ಲ ಪರದೆ ಎಳೆದ ದೊಡ್ಡ ಹಾಲಿನಲ್ಲಿ, ಆ ನಿಲುವಂಗಿಗಳ ಒಡತಿಯರು ಚಡ್ಡಿ ಬನಿಯನ್ ತೊಟ್ಟು ಹಾರುತ್ತಿದ್ದರು, ಕಿರುಚುತ್ತಿದ್ದರು, ನೆಲಕ್ಕೆ ಬಿದ್ದು ನಗುತ್ತಿದ್ದರು. ಕುವೈತಿನಲ್ಲಿ ನನ್ನ ಮೊದಲ ಕೆಲಸದ ದಿನ ಕಂಡದ್ದು ಇದು. ಬೀದಿಯಲ್ಲಿ ಕಣ್ಣು ಮಾತ್ರ ಕಾಣುವ ಹೆಂಗಸರನ್ನು ಕಂಡು ಒಂದು ವಾರ ಹೆದರಿದ್ದ ನಾನು, ಈಗ ಅವರ ಬರಿಗಾಲು ಕಂಡು ನಾಚಿಕೆಯಾಗಿ ತಲೆ ತಗ್ಗಿಸಿದೆ.

ಶ್ರಾವ್ಯಾ, ನೀನು ಶಾಲೆಯ ವಾಲಿಬಾಲ್ ತಂಡಕ್ಕೆ ಸೇರಿದ ದಿನ ಫೋನಿನಲ್ಲಿ, "ಅಜ್ಜಿ, ನಿಮಗೆ ವಾಲಿಬಾಲ್ ಅಂದ್ರೆ ಎಂತ ಅಂತ ಗೊತ್ತುಂಟಾ?" ಎಂದು ನಕ್ಕೆ. ಗೊತ್ತುಂಟು ಮಗಾ. ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ. ನೀನೂ ನಿನ್ನ ತಮ್ಮನೂ ಕೂತು ಓದಿ ಎಂದು ಇದನ್ನು ಬರೆಯುತ್ತಿದ್ದೇನೆ.

ನಿಮ್ಮ ಅಜ್ಜ ತೀರಿಕೊಂಡ ಎರಡನೆಯ ವರ್ಷ ನಾನು ಇಲ್ಲಿಗೆ ಬಂದೆ. ನಿಮ್ಮ ಅಮ್ಮನಿಗೆ ಆಗ ಹತ್ತು ವರ್ಷ, ಮಾವನಿಗೆ ಏಳು. ಇಬ್ಬರನ್ನೂ ನನ್ನ ತಾಯಿಯ ಬಳಿ ಬಿಟ್ಟಿದ್ದೆ. ಇಲ್ಲಿ ಅಬು ಹಲೀಫಾದಲ್ಲಿ ನನ್ನ ತಂಗಿಯ ಮನೆ, ಅಲ್ಲೇ ಇಳಿದೆ. ಎರಡು ಕೋಣೆಯಲ್ಲಿ ಎರಡು ಸಂಸಾರ, ಹಾಲಿನ ಮೂಲೆಯಲ್ಲಿ ಒಂದು ಸೀರೆ ಅಡ್ಡ ಕಟ್ಟಿದರೆ ಅದು ನನ್ನ ಕೋಣೆ. ಕಡಲು ಹತ್ತಿರವೇ ಇತ್ತು. ನಮ್ಮ ಕಡಲು ಬೊಬ್ಬೆ ಹಾಕುತ್ತದೆ. ಇಲ್ಲಿಯದು ತಟ್ಟೆಯಲ್ಲಿ ಹೊಯ್ದಿಟ್ಟ ನೀರಿನ ಹಾಗೆ ಸುಮ್ಮನೆ ಮಲಗಿರುತ್ತದೆ. ಊರಿನಲ್ಲಿ ನಾಲ್ಕು ಜನರೆದುರು ಬಾಯಿ ತೆರೆಯದವಳು ನಾನು. ಆ ಕಡಲನ್ನು ಕಂಡು, ಇದು ನನ್ನ ಜಾತಿಯದೇ ಎಂದುಕೊಂಡೆ.

ಕೆಲಸ ಇದ್ದದ್ದು ಸಲ್ವಾದಲ್ಲಿ, ಹೆಂಗಸರಿಗೆಂದೇ ಇರುವ ಒಂದು ಆಟದ ಕ್ಲಬ್ಬಿನಲ್ಲಿ. ಬೆಳಿಗ್ಗೆ ಕಂಪನಿಯ ವ್ಯಾನ್ ಬರುತ್ತಿತ್ತು. ನೆಲ ಒರೆಸುವುದು, ಟವೆಲ್ ಒಗೆಯುವುದು, ಚಹಾ ಮಾಡುವುದು. ಆಫೀಸಿನಲ್ಲಿ ಟೈಪ್ ಮಾಡುತ್ತಿದ್ದವರು ಮಂಗಳೂರಿನ ಲಿಲ್ಲಿಬಾಯಿ. ಮನೆಯಲ್ಲಿ ಅವರದು ಕೊಂಕಣಿ, ನಮ್ಮದು ತುಳು. ಇಬ್ಬರೂ ಸೇರಿದರೆ ಕನ್ನಡ. ಎಲ್ಲರ ಮೇಲೆ ಒಬ್ಬರು ಕುವೈತಿ ಮೇಡಂ. ಮುದೀರಾ ಎನ್ನುತ್ತಿದ್ದೆವು, ಎಂದರೆ ಮೇಲ್ವಿಚಾರಕಿ.

ಹುಡುಗಿಯರಿಗೆ ವಾಲಿಬಾಲ್ ಕಲಿಸಲು ರಷ್ಯಾದಿಂದ ಬಂದವಳು ತಮಾರಾ. ಬಾಗಿಲು ದಾಟುವಾಗ ತಲೆ ಬಗ್ಗಿಸುವಷ್ಟು ಎತ್ತರ. ಎಲ್ಲರೂ ಅವಳನ್ನು "ಕ್ಯಾಪ್ಟನ್" ಎನ್ನುತ್ತಿದ್ದರು. ಅವಳು ಮಿಲಿಟರಿಯವಳೆಂದು ತಿಳಿದು ನಾನು ದೂರ ನಿಲ್ಲುತ್ತಿದ್ದೆ. ಲಿಲ್ಲಿಬಾಯಿ ಹೊಟ್ಟೆ ಹಿಡಿದು ನಕ್ಕರು. "ಇಲ್ಲಿ ಆಟ ಕಲಿಸುವವರಿಗೆಲ್ಲ ಕ್ಯಾಪ್ಟನ್ ಅಂತಾರೆ ಸುಶೀಲಕ್ಕ. ಅವಳ ಹತ್ರ ಕೋವಿ ಇಲ್ಲ ಮಾರಾಯ್ತಿ, ಸೀಟಿ ಮಾತ್ರ."

ಒಂದು ದಿನ ನೆಲ ಒರೆಸುತ್ತಿದ್ದಾಗ ತಮಾರಾ ನನ್ನ ಕಡೆಗೆ ಚೆಂಡು ಹಾಕಿದಳು. ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದೆ. ಅವಳು ತಲೆಯ ಮೇಲೆ ಕೈ ಹೊತ್ತು, "ನೋ, ನೋ! ನೋ ಕ್ಯಾಚ್!" ಎಂದು ಕೂಗಿದಳು. ಮತ್ತೆ ಹಾಕಿದಳು, ಮತ್ತೆ ಹಿಡಿದೆ. ನಮ್ಮ ಶಾಲೆಯಲ್ಲಿ ವಾಲಿಬಾಲ್ ಗಂಡು ಮಕ್ಕಳಿಗೆ, ಹೆಣ್ಣು ಮಕ್ಕಳಿಗೆ ತ್ರೋಬಾಲ್. ಹಿಡಿಯಬೇಕು, ಎಸೆಯಬೇಕು. ಏಳನೆಯ ಕ್ಲಾಸಿನವರೆಗೆ ಹಿಡಿದೇ ಅಭ್ಯಾಸವಾದ ಕೈ. ಲಿಲ್ಲಿಬಾಯಿ ಇದನ್ನು ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದಾಗ, ಹಿಡಿಯುವ ಆಟವೂ ಉಂಟೇ ಎಂದು ತಮಾರಾ ನೆಲದಲ್ಲಿ ಕೂತು ನಕ್ಕಳು. ಆ ದಿನದಿಂದ ಅವಳಿಗೂ ನಾನು "ಅಕ್ಕಾ".

ಮಧ್ಯಾಹ್ನ ಹುಡುಗಿಯರು ಇಲ್ಲದ ಹೊತ್ತು ಮೂವರೂ ಚಹಾ ಕುಡಿಯುತ್ತಿದ್ದೆವು. ತಮಾರಾ ಹೇಳುತ್ತಿದ್ದಳು, ಲಿಲ್ಲಿಬಾಯಿ ನನಗೆ ದಾಟಿಸುತ್ತಿದ್ದರು. ಅವಳ ಊರು ಒಂದು ದೊಡ್ಡ ಹೊಳೆಯ ದಡ. ಹನ್ನೆರಡನೆಯ ವಯಸ್ಸಿಗೆ, ಎತ್ತರ ನೋಡಿಯೇ, ಆಟದ ಹಾಸ್ಟೆಲಿಗೆ ಕರೆದೊಯ್ದರಂತೆ. ಆಮೇಲೆ ಒಂದು ಕಾರ್ಖಾನೆಯ ತಂಡ. ಕಾರ್ಖಾನೆಯವರೆಲ್ಲ ಕೆಲಸ ಮುಗಿಸಿ ಆಟ ನೋಡಲು ಬರುತ್ತಿದ್ದರಂತೆ, ಅವಳು ಹೊಡೆದ ಚೆಂಡು ಎದುರಿನವರಿಗೆ ಕಾಣುವ ಮೊದಲೇ ನೆಲ ಮುಟ್ಟುತ್ತಿತ್ತಂತೆ. ಮುಂದೆ ಅವರ ದೇಶವೇ ಒಡೆಯಿತು, ಕಾರ್ಖಾನೆ ಮುಚ್ಚಿತು, ತಂಡ ಚೆದುರಿತು. ತುರ್ಕಿಯಲ್ಲಿ ಮೂರು ವರ್ಷ ಆಡಿದಳು. ಎರಡು ಸಲ ಮೊಣಕಾಲು ಕೊಯ್ಯಿಸಿಕೊಂಡಳು. ಆಡುವುದು ಮುಗಿದ ಮೇಲೆ ಕಲಿಸಲು ಇಲ್ಲಿಗೆ ಬಂದಳು. ಮಗಳು ಓಲ್ಯಾ ಊರಿನಲ್ಲಿ ಅಜ್ಜಿಯ ಬಳಿ. ಅದನ್ನು ಲಿಲ್ಲಿಬಾಯಿ ಕನ್ನಡಕ್ಕೆ ತರುವ ಮೊದಲೇ ನನಗೆ ಅರ್ಥವಾಗಿತ್ತು.

ಕೆಲಸದ ಕರಾರು ಇನ್ನೆರಡು ವರ್ಷಕ್ಕೆ ಮುಂದುವರಿದರೆ ಮಗಳನ್ನು ಕರೆಸಿಕೊಳ್ಳಬಹುದಿತ್ತು. ಶಾಲೆಯನ್ನೂ ನೋಡಿಟ್ಟಿದ್ದಳು. ತೊಂದರೆ ಇದ್ದದ್ದು ಎಡ ಮೊಣಕಾಲಿನಲ್ಲಿ. ಹಾರಿ ತೋರಿಸದೆ ಈ ಆಟ ಕಲಿಸಲಾಗದು. ಹಾರಿದ ದಿನ ಅದು ಹಲಸಿನ ಗುಜ್ಜೆಯ ಹಾಗೆ ಊದುತ್ತಿತ್ತು. ಟವೆಲ್ ಇಡುವ ಕೋಣೆಯಲ್ಲಿ ನಾನು ಅವಳಿಗೆ ದಿನವೂ ಬಿಸಿ ಹರಳೆಣ್ಣೆ ಹಚ್ಚಿ ತಿಕ್ಕುತ್ತಿದ್ದೆ. ಬಾಗಿಲು ಹಾಕಿಕೊಂಡು. ಮುದೀರಾಗೆ ತಿಳಿಯಬಾರದು.

ಒಂದೂವರೆ ತಿಂಗಳಿಗೆ ಊತ ಇಳಿಯಿತು. ಒಂದು ಬೆಳಿಗ್ಗೆ ಅವಳು ನಾಲ್ಕು ಸಲ ಹಾರಿ ಹೊಡೆದಳು. ಇಳಿದು ಬಂದು ನನ್ನ ಕೈ ಹಿಡಿದು ಕುಣಿದಳು. ನನಗೆ ಹೆತ್ತ ಮಗು ನಡೆದಷ್ಟು ಸಂತೋಷ.

ಅದೇ ದಿನ ಮುದೀರಾ ಆ ಕೋಣೆಗೆ ಬಂದರು. ಎಣ್ಣೆಯ ಬಾಟಲಿ ನೋಡಿದರು. ತಮ್ಮ ಮೊಣಕಾಲು ಮುಟ್ಟಿ ತೋರಿಸಿ, ಕ್ಯಾಪ್ಟನ್‌ದು ಹೇಗಿದೆ ಎಂದು ಕೇಳಿದರು. ಅವಳು ಕುಂಟುವುದನ್ನು ಎಂದೋ ಗಮನಿಸಿದ್ದರೇನೋ, ಕೋಪವಿರಲಿಲ್ಲ. ನಾನು ಸುಳ್ಳು ಹೇಳುವವಳಲ್ಲ ಎಂದು ನನ್ನನ್ನೇ ಕೇಳಿದ್ದಿರಬೇಕು.

ನನಗೆ ಬರುತ್ತಿದ್ದ ಅರಬಿ ಹತ್ತೋ ಹನ್ನೆರಡೋ ಮಾತು. ಅದರಲ್ಲಿ ಹೆಚ್ಚು ಬಳಸುತ್ತಿದ್ದದ್ದು ಖಲಾಸ್. ಮುಗಿಯಿತು ಎಂದರ್ಥ. ಕೆಲಸ ಖಲಾಸ್, ಹಾಲು ಖಲಾಸ್, ಬಂದ ಜ್ವರ ಇಳಿದರೆ ಜ್ವರ ಖಲಾಸ್. ನೋವಿಗೆ ಅರಬಿಯಲ್ಲಿ ಏನೆನ್ನುತ್ತಾರೋ ತಿಳಿದಿರಲಿಲ್ಲ. ಮೊಣಕಾಲಿಗೆ ರುಕ್ಬಾ ಎನ್ನುತ್ತಾರೆಂದು ಹುಡುಗಿಯರಿಂದ ಕಲಿತಿದ್ದೆ. ಅಂಜುತ್ತಲೇ ಬಾಯಿ ತೆರೆದೆ. "ಕ್ಯಾಪ್ಟನ್ ರುಕ್ಬಾ, ಖಲಾಸ್."

"ಖಲಾಸ್?" ಎಂದರು ಮುದೀರಾ.

"ಖಲಾಸ್, ಮೇಡಂ, ಖಲಾಸ್!" ಎಂದೆ. ನಕ್ಕು, ಕೈ ಝಾಡಿಸಿಯೂ ತೋರಿಸಿದೆ.

ಅವರು ನನ್ನ ಹೆಗಲು ತಟ್ಟಿ ಹೊರಗೆ ಹೋದರು. ಮೆಚ್ಚಿದರು ಎಂದುಕೊಂಡೆ.

ನಾಲ್ಕನೆಯ ದಿನ ಕರಾರು ಮುಂದುವರಿಯುವುದಿಲ್ಲ ಎಂಬ ಕಾಗದವನ್ನು ಲಿಲ್ಲಿಬಾಯಿಯೇ ಟೈಪ್ ಮಾಡಬೇಕಾಯಿತು. ಮುದೀರಾ ಕಾರಣವನ್ನೂ ಹೇಳಿದ್ದರು. ಲಿಲ್ಲಿಬಾಯಿ ನನ್ನ ಬಳಿ ಬಂದು, "ಎಂತ ಹೇಳಿದ್ರಿ ನೀವು ಅವರ ಹತ್ರ?" ಎಂದರು. ಹೇಳಿದೆ. ಅವರು ಹಣೆ ಹಿಡಿದುಕೊಂಡು ಸ್ಟೂಲಿನ ಮೇಲೆ ಕುಳಿತರು. "ಅಯ್ಯೋ ದೇವ್ರೇ. ಮೊಣಕಾಲು ಮುಗ್ದೇ ಹೋಯ್ತು ಅಂದ ಹಾಗಾಯ್ತಲ್ಲ ಮಾರಾಯ್ತಿ. ಬನ್ನಿ, ಈಗ್ಲೇ ಹೋಗುವ. ನೀವು ಪಕ್ಕದಲ್ಲಿ ನಿಲ್ಲಿ, ಸಾಕು. ಮಾತಾಡುದು ನಾನು."

ಆಗ ನಾನು ಹೋಗಬೇಕಿತ್ತು. ತಮಾರಾಳ ಜಾಗಕ್ಕೆ ಹೊಸಬಳನ್ನು ಇನ್ನೂ ಗೊತ್ತುಮಾಡಿರಲಿಲ್ಲ. ಆದರೆ, ಎಣ್ಣೆ ತಿಕ್ಕಿ ಮುಚ್ಚಿಟ್ಟದ್ದು ತಿಳಿದರೆ ನನ್ನನ್ನೂ ಕಳಿಸಿಯಾರು ಎಂಬ ಹೆದರಿಕೆ ಹೊಕ್ಕಿತು. ಇಕಾಮಾ, ಎಂದರೆ ಇಲ್ಲಿರಲು ಕೊಡುವ ಚೀಟಿ, ಅವರ ಕೈಯಲ್ಲಿತ್ತು. ನನ್ನ ಮಕ್ಕಳು ಕಣ್ಣ ಮುಂದೆ ಬಂದರು. "ನಾಳೆ ಹೋಗುವ" ಎಂದೆ. ಮರುದಿನವೂ ಅದನ್ನೇ ಅಂದೆ. ನನ್ನ ಹೆಸರು ಎತ್ತಬೇಡಿ ಎಂದು ಲಿಲ್ಲಿಬಾಯಿಯ ಕೈ ಹಿಡಿದು ಬೇಡಿದೆ. ಅವರು ಎತ್ತಲಿಲ್ಲ. ಆ ವಾರ ಕಳೆಯುವುದರೊಳಗೆ ಆ ಜಾಗಕ್ಕೆ ಬೇರೊಬ್ಬಳನ್ನು ಗೊತ್ತುಮಾಡಿದರು.

ಮೊಣಕಾಲಿನ ಸಂಗತಿ ಬಲ್ಲವರು ನಾನು, ಲಿಲ್ಲಿಬಾಯಿ ಇಬ್ಬರೇ. ನನಗೆ ಮಾತು ಬರುವುದಿಲ್ಲ ಎಂಬುದು ತಮಾರಾಗೆ ಗೊತ್ತು. ಹಾಗಾಗಿ ಹೇಳಿದವರು ಲಿಲ್ಲಿಬಾಯಿಯೇ ಎಂದುಕೊಂಡಳು. ಹೊರಡುವ ದಿನ ನನ್ನನ್ನು ಬಗ್ಗಿ ತಬ್ಬಿಕೊಂಡು ಮೂರು ಸಲ ಕೆನ್ನೆಗೆ ಮುತ್ತಿಟ್ಟಳು. ಲಿಲ್ಲಿಬಾಯಿ ಕೈ ಚಾಚಿದರು. ತಮಾರಾ ಆ ಕೈಯನ್ನು ನೋಡಿ, ಚೀಲ ಎತ್ತಿಕೊಂಡು, ಬಾಗಿಲಲ್ಲಿ ತಲೆ ಬಗ್ಗಿಸಿ ಹೋದಳು.

ಒಂದೇ ಮಾತು ಸಾಕಿತ್ತು. ನಾನು ನೆಲ ನೋಡುತ್ತ ನಿಂತಿದ್ದೆ.

"ಹೋಗ್ಲಿ ಬಿಡಿ ಸುಶೀಲಕ್ಕ," ಎಂದರು ಲಿಲ್ಲಿಬಾಯಿ, ಕಣ್ಣು ಒರೆಸಿಕೊಂಡು. "ನನಗಾದ್ರೆ ಗಂಡ ಇದ್ದಾನೆ. ಈ ಸಿಟ್ಟೆಲ್ಲ ಮನೆಗೆ ತಗೊಂಡು ಹೋಗಿ ಅವನ ಮೇಲೆ ತೀರಿಸ್ತೇನೆ. ನೀವು ಯಾರ ಮೇಲೆ ತೀರಿಸ್ಲಿಕ್ಕುಂಟು?"

ನೋವು ಹೋಗಿ ಗುಣವಾಯಿತು ಎನ್ನಲು ಅರಬಿಯಲ್ಲಿ ಬೇರೆ ಮಾತೇ ಇದೆ. ಅದನ್ನು ಆಮೇಲೆ ಕಲಿತೆ. ಎಷ್ಟೋ ಮಾತು ಕಲಿತೆ. ಆ ಕ್ಲಬ್ಬಿನಲ್ಲಿ ಹದಿನಾಲ್ಕು ವರ್ಷ ದುಡಿದೆ. ನಿಮ್ಮ ಅಮ್ಮನ ಮದುವೆ ಮಾಡಿದೆ, ಮಾವ ಇಲ್ಲಿಗೇ ಕೆಲಸಕ್ಕೆ ಬಂದ. ಓಲ್ಯಾ ತಾಯಿಯ ಜೊತೆ ಬೆಳೆದಳೋ, ತಮಾರಾ ಮತ್ತೆಲ್ಲಿಗಾದರೂ ಹೊರಟಳೋ ತಿಳಿಯದು. ಅವಳ ವಿಳಾಸ ಕೇಳಲು ನನಗೆ ಮುಖವಿರಲಿಲ್ಲ.

ಲಿಲ್ಲಿಬಾಯಿ ಕೆಲಸ ಬಿಟ್ಟು ಊರಿಗೆ ಹೋದರು. ಕಳೆದ ಮಳೆಗಾಲದಲ್ಲಿ ತೀರಿಕೊಂಡರೆಂದು ಇಲ್ಲಿಯ ಇಗರ್ಜಿಗೆ ಹೋಗುವ ಪಕ್ಕದ ಮನೆಯವರು ಹೇಳಿದರು. ಅವರ ಗಂಡನಿಗಾದರೂ ನಿಜ ಹೇಳಿದ್ದರೋ ಇಲ್ಲವೋ.

ನೀವು ಪ್ರತಿ ಸಲ ಫೋನಿನಲ್ಲಿ, "ಅಜ್ಜಿ, ಊರಿಗೆ ಬಂದ್ಬಿಡಿ" ಎನ್ನುತ್ತೀರಿ. ಬಂದಾಗಲೆಲ್ಲ ಊರು ನನ್ನನ್ನು ಒಳ್ಳೆಯವಳೆಂದೇ ಕಾಣುತ್ತದೆ. ವಿಧವೆ, ಪಾಪದವಳು, ಮಕ್ಕಳನ್ನು ದಡ ಸೇರಿಸಿದವಳು. ಆ ಮರ್ಯಾದೆಯನ್ನು ಉಟ್ಟುಕೊಂಡು ಅಂಗಳದಲ್ಲಿ ಕೂತರೆ ಬೇರೆಯವರ ಸೀರೆ ಉಟ್ಟ ಹಾಗಾಗುತ್ತದೆ. ಇಲ್ಲಿ ನನ್ನನ್ನು ಯಾರೂ ಏನೂ ಎನ್ನುವುದಿಲ್ಲ. ಆದರೆ ಸಲ್ವಾದ ಕಡೆ ಬಸ್ಸು ತಿರುಗಿದಾಗ ನಾನು ಯಾರು ಎಂಬುದು ನನಗೆ ಸರಿಯಾಗಿ ಗೊತ್ತಾಗುತ್ತದೆ. ತಪ್ಪು ಮಾಡಿದ ಜಾಗವೂ ಹುಟ್ಟಿದ ಜಾಗದಷ್ಟೇ ಸ್ವಂತವಾಗಿಬಿಡುತ್ತದೆ, ಮಕ್ಕಳೇ.

ನಾನು ಹೊರಟರೆ ಲಿಲ್ಲಿಬಾಯಿಯದು ತಪ್ಪಿರಲಿಲ್ಲ ಎಂದು ಬಲ್ಲವರು ಈ ದೇಶದಲ್ಲಿ ಒಬ್ಬರೂ ಉಳಿಯುವುದಿಲ್ಲ. ಹಾಗೆಂದೇ ಇಷ್ಟು ದಿನ ಉಳಿದೆನೋ ಏನೋ. ಈಗ ನಿಮಗೆ ಗೊತ್ತಾಯಿತು. ಇನ್ನು ನಾನು ಬಂದರೆ ನಿಮ್ಮ ಕಣ್ಣಲ್ಲಿ ಕಣ್ಣಿಟ್ಟು ನೋಡಬಹುದು. ಮೊದಲಿನ ಹಾಗೆ ನೀವು ನೋಡುತ್ತೀರೋ ಇಲ್ಲವೋ, ಅದನ್ನು ಬಂದ ಮೇಲೆಯೇ ತಿಳಿಯಬೇಕು.