ಪಂಚಮಿಯ ದಿನ ಉಳಿದ ಹಾವು

ಸಂಭಾಜಿನಗರದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಬೀದರಿನವರೊಬ್ಬರು ಶೇಂದ್ರಾದ ಕಾರ್ಖಾನೆಯಿಂದ ಬಂದವರೇ ಗುಂಡಿಗಳ ಹಳೆಯ ಫೋನಿನಲ್ಲಿ ಹಾವಿನ ಆಟಕ್ಕೆ ಕೂರುತ್ತಿದ್ದರು. ಕಾಳು ತಿಂದಷ್ಟೂ ಹಾವು ಉದ್ದವಾಗುತ್ತದೆ. ಗೋಡೆಗೋ ತನ್ನ ಬಾಲಕ್ಕೋ ತಾಗಿದರೆ ಸಾಯುತ್ತದೆ. ಸತ್ತಾಗಲೆಲ್ಲ ಕನ್ನಡಕ ಒರೆಸಿಕೊಂಡು, "ಇನ್ನೊಂದ್ ಸಲ ನೋಡೂಣ್ರಿ," ಎನ್ನುವರು.

ಒಂದು ನಾಗರ ಪಂಚಮಿಯ ಬೆಳಿಗ್ಗೆ ಹಾವು ಹಿಂದೆಂದೂ ಇಲ್ಲದಷ್ಟು ಬೆಳೆದು ಪರದೆಯನ್ನೆಲ್ಲ ತುಂಬಿತ್ತು. ನಾಗಪ್ಪನಿಗೆ ಹಾಲೆರೆದು ಬಂದ ಹೆಂಡತಿ ಬಾಗಿಲಲ್ಲೇ ನಿಂತರು.

"ಅಯ್ಯ, ಹಬ್ಬದ ದಿನಾ ಹಾವ್ ಹೊಡಿಲಾಕ್ ಕುಂತೀರೇನ್ರಿ?"

ಅವರು ಗುಂಡಿ ಒತ್ತುತ್ತಲೇ ಇದ್ದರು. "ಹೊಡಿಲಾಕತ್ತಿಲ್ಲ, ಉಳಸ್ಲಾಕತ್ತೀನಿ! ಮಾತಾಡಸಬ್ಯಾಡ!"

"ಪಪ್ಪಾ, ಪಾಜ್ ಕರಾ ನಾ!" ಎಂದಳು ಮರಾಠಿಯಲ್ಲೇ ಬೆಳೆದ ಮಗಳು. ಅವರು ಆಟ ತಡೆಯುವ ಗುಂಡಿ ಒತ್ತಿದರು, ಹಾವು ಇದ್ದಲ್ಲೇ ನಿಂತಿತು. ಫೋನನ್ನು ಚಾರ್ಜರ್ ಸಮೇತ ದೇವರ ಜಗಲಿಯ ಮೇಲಿಟ್ಟರು. ಅಂದು ಬಂದ ಕರೆಗಳನ್ನು ಯಾರೂ ಎತ್ತಲಿಲ್ಲ.

ಮರುದಿನ ನಮ್ಮನ್ನೆಲ್ಲ ಕರೆದು ಆಟ ಮುಂದುವರಿಸಿದರು. ಮೊದಲ ತಿರುವಿನಲ್ಲೇ ಹಾವು ಗೋಡೆಗೆ ಬಡಿದು ತೀರಿಕೊಂಡಿತು. ಅವರು ಎದ್ದುಹೋಗಿ, ತಲೆಯ ಮೇಲೆ ನೀರು ಹೊಯ್ದುಕೊಂಡು, ವಿಭೂತಿ ಧರಿಸಿ ಬಂದು ಕುಳಿತರು.

"ಇನ್ನೊಂದ್ ಸಲ ನೋಡೂಣ್ರಿ."