ಅಜ್ಜಿ ಅಂದ ನಕಾಮಾ

ನಮ್ಮ ಬೋಡಕ್‌ದೇವ್ ಬಡಾವಣೆಯ ಕನ್ನಡ ಮನೆಗಳಲ್ಲಿ ಈಗ ಎಲ್ಲರೂ ಹೇಳುವುದು ಹೀಗೆ: ಕೆಳಮಹಡಿಯ ಹುಡುಗಿಗೂ ಅವಳ ಅಜ್ಜಿಗೂ ಮಾತು ಬೆಳೆಸಿದ್ದು ಜಪಾನಿನ ಕಡಲ್ಗಳ್ಳರ ಅನಿಮೆ, ನೋಡಿ, ಕಲೆಗೆ ಭಾಷೆಯ ಹಂಗಿಲ್ಲ. ಕೇಳಲು ಚೆನ್ನಾಗಿದೆ. ಆದರೆ ಆ ಸೋಫಾದಲ್ಲಿ ಮೂರನೆಯವಳಾಗಿ ಕೂತಿದ್ದವಳು ನಾನು. ಕಾಲೇಜಿನುದ್ದಕ್ಕೂ ಚರ್ಚಾಸ್ಪರ್ಧೆಗಳಲ್ಲಿ ಎದುರಾಳಿಯ ಮೊದಲ ವಾಕ್ಯವನ್ನೇ ಹಿಡಿದು ಜಗ್ಗಿದವಳು ಇದನ್ನು ಹೇಗೆ ಬಿಡಲಿ? ಭಾಷೆಯ ಹಂಗಿಲ್ಲವಂತೆ! ಅಲ್ಲಿ ಆದದ್ದೆಲ್ಲ ಭಾಷೆಯಿಂದಲೇ, ಅದೂ ಒಂದೇ ಪದದಿಂದ.

ಹುಡುಗಿ ಹುಟ್ಟಿ ಬೆಳೆದದ್ದು ಅಹಮದಾಬಾದಿನಲ್ಲಿ. ಅಪ್ಪ ಕೇಂದ್ರ ಸರ್ಕಾರದ ಸಂಶೋಧನಾ ಸಂಸ್ಥೆಯಲ್ಲಿ ವಿಜ್ಞಾನಿ. ಧಾರವಾಡದಿಂದ ಬಂದ ಅಜ್ಜಿಗೆ ಮೊಮ್ಮಗಳ ಕೋಣೆಯಲ್ಲೇ ಮಂಚ ಹಾಕಿದರು. ಒಂದೇ ಕೋಣೆ, ಮಾತಿಲ್ಲ. ಹುಡುಗಿಯ ಕನ್ನಡ ‘ಊಟ ಆಯ್ತು’, ‘ಬೇಡ’ಗಳಾಚೆ ಹೋಗುತ್ತಿರಲಿಲ್ಲ, ತಪ್ಪಾದರೆ ನಗುತ್ತಾರೆಂದು ಅಷ್ಟನ್ನೂ ನುಂಗಿಕೊಳ್ಳುತ್ತಿದ್ದಳು. ಅವಳಮ್ಮ ನನ್ನನ್ನು ಲಿಫ್ಟಿನಲ್ಲಿ ಹಿಡಿದು, “ಐತವಾರ ಬಂದು ಇಕಿ ಕೂಡ ಒಂಚೂರು ಕನ್ನಡ ಮಾತಾಡವಾ, ಊಟ ಇಲ್ಲೇ ಮಾಡು” ಎಂದರು. ಊಟಕ್ಕೆ ಹೋದೆ, ಸುಳ್ಳೇಕೆ.

ಪಾಠ ಎಂದರೆ ಅವಳು ಟಿವಿ ಹಾಕುವಳು. ಸಾವಿರ ಕಂತು ದಾಟಿದರೂ ಮುಗಿಯದ ಆ ಸರಣಿ, ಅದರಿಂದ ಹುಟ್ಟಿದ ಸಿನಿಮಾಗಳು. ಹಿಂದಿ ಡಬ್ ಅವಳಿಗೆ ಚೀಟಿಂಗ್, ಜಪಾನಿಯಲ್ಲೇ ಆಗಬೇಕು. ಒಂದು ಭಾನುವಾರ ಸಿನಿಮಾ ಹಾಕಿ ಎಚ್ಚರಿಸಿದಳು:

“ದೀದಿ, ಇದು ಲೆಕ್ಕಕ್ಕಿಲ್ಲ. ಮೂವಿಯಲ್ಲಿ ಆಗೋದು ಅಸಲಿ ಕಥೆಯಲ್ಲಿ ಆಗಿಲ್ಲ.”

“ಅಸಲಿ ಕಥೆಯಲ್ಲಿ ಆಗೋದು ಎಲ್ಲಿ ಆಗಿದೆ ಮತ್ತೆ?”

“ಆಪ್ ಸಮಝ್‌ತೀ ಹೀ ನಹೀಂ!” ನನಗೆ ಅರ್ಥವೇ ಆಗುವುದಿಲ್ಲವಂತೆ.

ಈ ಜಗಳ ಕೇಳಿ ಅಜ್ಜಿ ಬಂದು ಕೂತರು. ಇಂಗ್ಲಿಷ್ ಸಬ್‌ಟೈಟಲ್ ಅವರಿಗೆ ಓದಲು ಬಾರದು, ಸುಮ್ಮನೆ ಕೇಳಿಸಿಕೊಂಡರು. ಹಡಗಿನ ಹುಡುಗ-ಕ್ಯಾಪ್ಟನ್ ಅತ್ತು, ಕೂಗಿ, ರಬ್ಬರಿನಂತೆ ಕೈ ಚಾಚಿ ಹೊಡೆದಾಡಿದ ಮೇಲೆ ತೀರ್ಪು ಕೊಟ್ಟರು: “ದೋಸ್ತರನ್ನ ನಕಾಮಾ ನಕಾಮಾ ಅಂತ ಬೈತಾನ, ಮತ್ತ ಅವರ ಸಲುವಾಗೇ ಹೊಡದಾಡ್ತಾನ. ಛಲೋ ಹುಡುಗ ಬಿಡು.”

ಜಪಾನಿಯಲ್ಲಿ ನಕಾಮಾ ಎಂದರೆ ಸಂಗಡಿಗರು, ಒಂದೇ ಹಡಗಿನವರು. ಅಜ್ಜಿ ಕೇಳಿಸಿಕೊಂಡದ್ದು ಗುಜರಾತಿ ನಕಾಮಾ: ಕೆಲಸಕ್ಕೆ ಬಾರದವರು. ಸಂಜೆ ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯ ಬೆಂಚಿನಲ್ಲಿ ಪಕ್ಕದ ಮನೆಯ ಗುಜರಾತಿ ಮುದುಕಿ ತನ್ನ ಮೂವರು ಗಂಡುಮಕ್ಕಳನ್ನೂ “ಸಾವ್ ನಕಾಮಾ”, ಶುದ್ಧ ದಂಡಪಿಂಡಗಳು, ಎಂದು ಜಾಡಿಸುತ್ತಿದ್ದಳು. ಈ ಊರಲ್ಲಿ ಅಜ್ಜಿ ಮೊದಲು ಕಲಿತ ಪದವೇ ಅದು.

ನಾನು ಬಾಯಿ ತೆರೆಯುವಷ್ಟರಲ್ಲಿ ಹುಡುಗಿಯೇ ತಿದ್ದಿದಳು: “ಅಜ್ಜಿ, ನಕಾಮಾ ಅಂದ್ರೆ ಫ್ರೆಂಡ್. ಬಟ್ ಬೋಟ್‌ದು.” ಅಜ್ಜಿ “ಹೂಂ” ಎಂದರು. ಆ ‘ಹೂಂ’ಗೆ ಏನರ್ಥ, ನನಗೆ ಇಂದಿಗೂ ಗೊತ್ತಿಲ್ಲ.

ಕೆಲವು ದಿನಗಳ ನಂತರ ಹುಡುಗಿ ಮೆಟ್ಟಿಲು ಹತ್ತಿ ಓಡಿಬಂದಳು. “ದೀದಿ, ಅಜ್ಜಿ ನನಗೆ ನಕಾಮಾ ಅಂದ್ರು!”

“ಯಾವಾಗ?”

“ಒದ್ದೆ ಟವೆಲ್ ಅವರ ಬೆಡ್ ಮೇಲೆ ಬಿಟ್ಟಿದ್ದೆ. ಆಗ.”

ನಗು ತಡೆದುಕೊಂಡೆ. ಅವಳ ಮುಖ ನೋಡಿದರೆ ಹಡಗು ಹತ್ತಿದವಳ ಹಾಗಿತ್ತು. ಅಂದಿನಿಂದ ಶುರುವಾಯಿತು ಮಾತು. “ಅಜ್ಜಿ, ಇಲ್ಲಿ ಕೂತ್ಕೋ, ಆ ಕಳ್ಳ ಒಳ್ಳೆಯವನು ಇದೆ.” “ಇದೆ ಅಲ್ಲ, ಇದಾನ.” ನಗದೆ ತಿದ್ದುತ್ತಿದ್ದರು ಅಜ್ಜಿ.

ವಾದ ಎರಡೂ ಕಡೆಗಿದೆ. ಹೆಣ್ಣುಮಗುವನ್ನು ಗುಜರಾತಿಯಲ್ಲಿ ಬೈದಿದ್ದರೆ ‘ನಕಾಮಿ’ ಎನ್ನಬೇಕಿತ್ತು. ಹಾಗಾಗಿ ಅದು ಜಪಾನಿ. ಆದರೆ ಬೆಂಚಿನಲ್ಲಿ ಕಲಿತ ಗುಜರಾತಿಗೆ ಯಾವ ವ್ಯಾಕರಣ? ಅಲ್ಲದೆ ಆ ಟವೆಲ್! ಹುಡುಗಿಯ ಎದುರು ಇದನ್ನು ಎತ್ತಿದರೆ ಅವಳು ಮತ್ತೆ ‘ಊಟ ಆಯ್ತು’ಗೆ ಮರಳಿಯಾಳು. ಕೇಳದಿದ್ದರೆ ನನಗೆ ನಿದ್ದೆ ಬಾರದು.

ಕಳೆದ ಭಾನುವಾರ ಅಜ್ಜಿ ಒಬ್ಬರೇ ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದರು, ಹುಡುಗಿ ಬಚ್ಚಲಲ್ಲಿದ್ದಳು. ನಾನೂ ಒಂದು ಕಟ್ಟು ಎಳೆದುಕೊಂಡು ಕೂತು, ದನಿ ತಗ್ಗಿಸಿ ಕೇಳಿದೆ:

“ಅಜ್ಜಿ, ಅವಳಿಗೆ ಹೇಳಲ್ಲ, ನಿಜ ಹೇಳಿ. ಅವತ್ತು ನೀವು ಅಂದದ್ದು ಬೆಂಚಿನ ಮೇಲಿನ ನಕಾಮಾನೋ, ಹಡಗಿನ ಮೇಲಿನ ನಕಾಮಾನೋ?”