ಆರು ನಡೆಗೊಂದು ಅಂಗಿ

ಚಿದ್ರಿಯ ಬಾದಶಹನ ಆಸ್ಥಾನ ತಗಡಿನದು. ಬೀದರ ನಗರದ ಆ ಬಡಾವಣೆಯಲ್ಲಿ, ಹಾಲಿನ ಅಂಗಡಿಗೂ ಸೈಕಲ್ ರಿಪೇರಿಯವನಿಗೂ ನಡುವೆ, ಒಂದು ಮೇಜು ಮತ್ತು ಒಬ್ಬ ಮನುಷ್ಯ ನಿಂತರೆ ಮೂರನೆಯದಕ್ಕೆ ಜಾಗವಿಲ್ಲದಷ್ಟು ವಿಶಾಲವಾದ ಸಾಮ್ರಾಜ್ಯ. ಅಲ್ಲಿ ಅಬ್ದುಲ ಸಮದ ಎಂಬ ಐವತ್ತೆಂಟರ ಗೃಹಸ್ಥರು ಮೂವತ್ತು ವರ್ಷಗಳಿಂದ ಕೆಂಡದ ಇಸ್ತ್ರಿಪೆಟ್ಟಿಗೆ ಹಿಡಿದು ಊರಿನ ಅಂಗಿ, ಪೈಜಾಮ, ಓಢಣಿಗಳ ಮೇಲೆ ದಂಡಯಾತ್ರೆ ನಡೆಸುತ್ತ ಬಂದಿದ್ದರು. ಬಾದಶಹ ಎಂಬ ಬಿರುದು ಮಾತ್ರ ಹೊಸದು. ಅಂಗನವಾಡಿಯಲ್ಲಿ ಕಲಿಸುವ ಮಗಳು ರುಖ್ಸಾರ ಅಪ್ಪನ ಫೋನಿಗೆ ಚೆಸ್ ಆಟ ಹಾಕಿಕೊಟ್ಟಾಗ ಹೆಸರು ಕೇಳುವ ಜಾಗದಲ್ಲಿ ‘ಚಿದ್ರಿ ಬಾದಶಹ’ ಎಂದು ಬರೆದಿದ್ದಳು. ಪಟ್ಟಾಭಿಷೇಕ ಅಷ್ಟಕ್ಕೇ ಮುಗಿದಿತ್ತು.

ಆಟ ಮಾತ್ರ ಹಳೆಯದು. ಸಮದ ಚಾಚಾಗೆ ಅದನ್ನು ಕಲಿಸಿದವರು ತಂದೆ ನಜಮೋದ್ದೀನ, ಅವರೂ ಇದೇ ಮೇಜಿನ ಹಿಂದೆ ಇಸ್ತ್ರಿ ಹಿಡಿದು ನಿಂತವರು. ಇದ್ದಿಲಿನ ಚೀಲದ ಮೇಲೆ ಹಲಗೆ, ಎದುರಾಳಿ ಕಟ್ಟೆಯ ಮೇಲೆ. ಅವರದು ಒಂದೇ ಕಾಯಿದೆ: ಇಸ್ತ್ರಿ ಬಟ್ಟೆಯ ಮೇಲಿರುವಾಗ ಕೈ ಹಲಗೆಗೆ ಹೋಗಬಾರದು. ಹಿಡಿದ ತೋಳು ಮುಗಿಯಬೇಕು, ಪೆಟ್ಟಿಗೆ ತನ್ನ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಕೂಡಬೇಕು, ಆಮೇಲೆ ಕುದುರೆಯೋ ಒಂಟೆಯೋ ಓಡಬೇಕು. ಈ ಕಾಯಿದೆ ಹುಟ್ಟುವ ಮೊದಲು ಒಬ್ಬ ವಕೀಲರ ಬಿಳಿ ಪ್ಯಾಂಟಿನ ಹಿಂಭಾಗದಲ್ಲಿ ಇಸ್ತ್ರಿಪೆಟ್ಟಿಗೆಯ ಕಂದು ಚಿತ್ರವೊಂದು ಮೂಡಿತ್ತಂತೆ. ಅವರು ಅದನ್ನು ಗಮನಿಸದೆ ಕೋರ್ಟಿನಲ್ಲಿ ಎರಡು ತಾಸು ವಾದ ಮಾಡಿದರಂತೆ.

ಮಗನ ಕೈಯಲ್ಲಿ ಹಲಗೆ ಹೋಗಿ ಫೋನು ಬಂತು. ಗಂಜಿ ಡಬ್ಬಿಗೆ ಆತು ಅದು ನಿಂತಿರುತ್ತಿತ್ತು. ಮಧ್ಯಾಹ್ನ ಬಿಸಿಲು ರಸ್ತೆಯನ್ನು ಖಾಲಿ ಮಾಡಿದಾಗ ಚಾಚಾ ಒಂದು ಬಿಳಿ ಅಂಗಿ ಹರವಿ ನೀರು ಚಿಮುಕಿಸುತ್ತಿದ್ದರು. ಹಬೆ ಏಳುತ್ತಿತ್ತು. ಆ ಹಬೆಯಲ್ಲಿ ಅಂಗಿ ಅಂಗಿಯಾಗಿ ಉಳಿಯುತ್ತಿರಲಿಲ್ಲ, ಬೆಳದಿಂಗಳು ಬಿದ್ದ ಬಯಲಾಗುತ್ತಿತ್ತು. ನೆರಿಗೆಗಳು ದಿಬ್ಬಗಳಾಗಿ ಏಳುತ್ತಿದ್ದವು. ಜನವಾಡದ ತೊಗರಿ ಹೊಲಗಳ ಓರೆಗೆ ಒಂಟೆಗಳು ಸಾಲಾಗಿ ಇಳಿಯುತ್ತಿದ್ದವು. ಕುದುರೆಯೊಂದು ಗುಂಡಿಯಿಂದ ಗುಂಡಿಗೆ ಹಾರಿ, ಜೇಬಿನ ಅಂಚಿನಲ್ಲಿ ನಿಂತು, ತಿರುಗಿ ನೋಡುತ್ತಿತ್ತು. ಚಾಚಾ ಕಣ್ಣು ಅರೆ ಮುಚ್ಚಿ ದಿಬ್ಬಗಳನ್ನು ಸಮ ಮಾಡುತ್ತ ಹೋದಂತೆ ದೂರದ ಶತ್ರು ರಾಜ ಎಲ್ಲಿ ಅಡಗಿದ್ದಾನೆಂದು ಕಾಣಿಸುತ್ತಿತ್ತು. ಆಗ ಪೆಟ್ಟಿಗೆ ಸ್ಟ್ಯಾಂಡಿಗೆ, ಬೆರಳು ಫೋನಿಗೆ. ಎದುರಿನ ನಡೆ ಬಂದ ಮೇಲೆಯೇ ಬಟ್ಟೆಯ ಮುಂದಿನ ಭಾಗ. ಎದುರಿನ ರಾಜ ಯಾವ ದೇಶದವನೋ, ಪಾಪ, ತಾನು ಯಾರದೋ ಅಂಗಿಯ ಕೊರಳಪಟ್ಟಿಯ ಕೆಳಗೆ ಸತ್ತೆನೆಂದು ಅವನಿಗೆ ಗೊತ್ತೇ ಆಗುತ್ತಿರಲಿಲ್ಲ.

ಹೀಗಿರುವಾಗ ಸಮದ ಚಾಚಾ ಮೂರು ಊರಿನ ಲೀಗಿಗೆ ಸೇರಿದರು. ಬೀದರ, ಭಾಲ್ಕಿ, ಔರಾದಗಳ ನಲವತ್ತು ಜನ ಪ್ರತಿ ಭಾನುವಾರ ಮಧ್ಯಾಹ್ನ ತಮ್ಮ ತಮ್ಮ ಮನೆಯಲ್ಲೇ ಕೂತು ಫೋನಿನ ಮೇಲೆ ಆಡುವ ಪಂದ್ಯಾವಳಿ ಅದು. ಒಬ್ಬೊಬ್ಬರಿಗೆ ಮೂವತ್ತು ನಿಮಿಷ, ಅದು ಮೀರಿದರೆ ಸೋಲು. ನಡೆಸುವವರು ಭಾಲ್ಕಿಯ ನಾಗಸೇನ ಗುರುಜಿ, ನಿವೃತ್ತ ಗಣಿತ ಶಿಕ್ಷಕರು, ನಾಪಾಸಾದವನ ಅಂಕಪಟ್ಟಿಯನ್ನೂ ಮನೆಗೆ ಹೋಗಿ ಕೈಯಲ್ಲಿ ಕೊಟ್ಟು ಬರುತ್ತಿದ್ದವರು. ಎರಡು ವರ್ಷದಿಂದ ಕಿರೀಟ ಔರಾದದ ವಿಶ್ವಾಸನ ತಲೆಯ ಮೇಲಿತ್ತು. ಬೀಜ ಗೊಬ್ಬರದ ಅಂಗಡಿಯ ತರುಣ, ಸೋತು ಅಭ್ಯಾಸವಿಲ್ಲದವನು.

ಬಾದಶಹ ಒಂದರ ಹಿಂದೊಂದು ಹನ್ನೊಂದು ಆಟ ಗೆದ್ದರು. ಹನ್ನೊಂದನೆಯದು ವಿಶ್ವಾಸನ ಮೇಲೆ.

ಅಂದೇ ಸಂಜೆ ವಿಶ್ವಾಸ ಗುರುಜಿಗೆ ಫೋನ್ ಮಾಡಿ, ಇಸ್ತ್ರಿ ಅಂಗಡಿಯ ಮುದುಕ ಹೀಗೆ ಆಡಲು ಸಾಧ್ಯವಿಲ್ಲ, ಪಕ್ಕದಲ್ಲಿ ಇನ್ನೊಂದು ಫೋನ್ ಇಟ್ಟು ಯಂತ್ರ ಹೇಳಿದ ನಡೆಯನ್ನೇ ಒತ್ತುತ್ತಿದ್ದಾನೆ ಎಂದು ದೂರಿದ. ಗುರುಜಿ ದೂರನ್ನು ನಂಬಲಿಲ್ಲ, ಲೆಕ್ಕವನ್ನು ನಂಬಿದರು. ಪ್ರತಿ ನಡೆಗೆ ಎಷ್ಟು ಸೆಕೆಂಡು ಎಂದು ಆಟವೇ ದಾಖಲೆ ಇಡುತ್ತದೆ. ಅದನ್ನು ಕಾಗದದ ಮೇಲೆ ಇಳಿಸಿ ನೋಡಿದರೆ ಅವರ ಕನ್ನಡಕವೇ ಜಾರಿತು. ಮನುಷ್ಯರಾದವರು ಸುಲಭದ ನಡೆಗೆ ಎರಡು ಸೆಕೆಂಡು, ಕಷ್ಟದ್ದಕ್ಕೆ ಐದು ನಿಮಿಷ ತೆಗೆದುಕೊಳ್ಳುತ್ತಾರೆ. ಈ ಬಾದಶಹ ಸುಮ್ಮನೆ ಬಾಯಿಗೆ ಬಂದ ಪ್ಯಾದೆಯನ್ನು ಹೊಡೆಯಲಿಕ್ಕೂ ಮೂವತ್ತೈದು ಸೆಕೆಂಡು, ವಜೀರನನ್ನು ಬಲಿ ಕೊಡಲಿಕ್ಕೂ ಮೂವತ್ತೈದು ಸೆಕೆಂಡು. ಹೀಗೆ ಆರು ನಡೆ. ಏಳನೆಯದಕ್ಕೆ ಎಪ್ಪತ್ತೈದು. ಮತ್ತೆ ಆರು, ಮತ್ತೆ ಒಂದು. ಯಂತ್ರವಲ್ಲದೆ ಇನ್ನಾರು ಹೀಗೆ ಉಸಿರಾಡುತ್ತಾರೆ?

ಭಾಲ್ಕಿಯ ವಾಚನಾಲಯದಲ್ಲಿ ಎದುರು ಕೂತು ಆಡಿ ತೋರಿಸಬೇಕೆಂದು ತೀರ್ಮಾನವಾಯಿತು. ಚಾಚಾ ಬಿಳಿ ಕುರ್ತಾ ಹಾಕಿ ಬಸ್ಸಿನಲ್ಲಿ ಹೋದರು. ಕಟ್ಟಿಗೆಯ ಹಲಗೆ, ಎದುರು ವಿಶ್ವಾಸ, ಪಕ್ಕದಲ್ಲಿ ಗುರುಜಿ. ಚಾಚಾನ ಎರಡು ಕೈಗಳು ತೊಡೆಯ ಮೇಲೆ, ನೆಂಟರ ಮನೆಗೆ ಬಂದ ಮಕ್ಕಳಂತೆ, ಏನು ಮಾಡಬೇಕೆಂದು ತಿಳಿಯದೆ ಕೂತಿದ್ದವು. ಹಲಗೆ ಹಲಗೆಯಾಗಿಯೇ ಇತ್ತು. ಬಯಲಿಲ್ಲ, ಹಬೆಯಿಲ್ಲ, ಕುದುರೆಗಳು ಕಟ್ಟಿಗೆಯವು. ಒಂಬತ್ತನೆಯ ನಡೆಗೆ ವಜೀರ ಹೋದ, ಹತ್ತೊಂಬತ್ತನೆಯದಕ್ಕೆ ರಾಜ್ಯ ಹೋಯಿತು.

ಗುಂಪಿನ ವಾಟ್ಸಾಪಿಗೆ ಸಂದೇಶ ಬಂತು: ಚಿದ್ರಿ ಬಾದಶಹ ಅವರನ್ನು ಮೋಸದ ಶಂಕೆಯ ಮೇಲೆ ಅಮಾನತು ಮಾಡಲಾಗಿದೆ.

ಸೋಲನ್ನು ಚಾಚಾ ಬಸ್ಸಿನಲ್ಲೇ ಬಿಟ್ಟು ಬಂದಿದ್ದರು. ಆದರೆ ಮಂಗಳವಾರ ಕರುಣಾ ಎಂಬ ನರ್ಸಬಾಯಿ ಗಂಟು ಒಯ್ಯಲು ಬಂದು, ಎಂದೂ ಇಲ್ಲದ್ದು, ಮೇಜಿನ ಮೇಲೆಯೇ ಬಿಚ್ಚಿ ಬಟ್ಟೆ ಎಣಿಸಿದರು. ಅವರ ತಮ್ಮ ಆ ಗುಂಪಿನಲ್ಲಿದ್ದ. ಎಂಟು ಇದ್ದವು, ಎಂಟೂ ಸರಿಯಾಗಿದ್ದವು, ಕಟ್ಟಿಕೊಂಡು ಹೋದರು. ಚಾಚಾ ಬಹಳ ಹೊತ್ತು ಆರಿದ ಇಸ್ತ್ರಿಯನ್ನು ಒಂದೇ ಕರವಸ್ತ್ರದ ಮೇಲೆ ಎಳೆಯುತ್ತಿದ್ದರು. ಈ ಅಂಗಡಿಯಲ್ಲಿ ಬಟ್ಟೆಯ ಜೇಬಿನಿಂದ ಉಂಗುರ, ಲಗ್ನಪತ್ರ, ಒಮ್ಮೆ ಒಬ್ಬರ ಹಲ್ಲಿನ ಸೆಟ್ಟು ಕೂಡ ಸಿಕ್ಕು ಮಾಲೀಕರಿಗೆ ಮುಟ್ಟಿದ್ದವು. ಯಾರೂ ಎಣಿಸಿದ್ದಿಲ್ಲ. ಮಾರನೆಯ ದಿನ ಇನ್ನೊಬ್ಬರು ಎಣಿಸಿದರು.

ಮುಂದಿನ ಭಾನುವಾರ ನಾಗಸೇನ ಗುರುಜಿ ಲೀಗಿನಿಂದ ಕಾಯಂ ತೆಗೆದುಹಾಕುವ ಪತ್ರ ಹಿಡಿದು, ತಮ್ಮ ಪದ್ಧತಿಯಂತೆ ಸ್ವತಃ ಚಿದ್ರಿಗೆ ಬಂದರು. ರಸ್ತೆಯ ಆಚೆ ಬೇವಿನ ನೆರಳಲ್ಲಿ ಬೆವರು ಒರೆಸಿಕೊಳ್ಳುತ್ತ ನಿಂತಾಗ ಅಂಗಡಿಯೊಳಗೆ ಚಾಚಾ ಕಂಡರು. ಲೀಗಿಲ್ಲದ ಬಾದಶಹ ಗುರುತಿಲ್ಲದ ಯಾರೊಂದಿಗೋ ಆಡುತ್ತಿದ್ದರು. ಕೊರಳಪಟ್ಟಿ ಮುಗಿಯಿತು, ಪೆಟ್ಟಿಗೆ ಸ್ಟ್ಯಾಂಡಿಗೆ, ಬೆರಳು ಫೋನಿಗೆ. ಒಂದು ತೋಳು, ಬೆರಳು. ಇನ್ನೊಂದು ತೋಳು, ಬೆರಳು. ಗುರುಜಿಯ ಕಣ್ಣು ತಾನಾಗಿ ಕೈಗಡಿಯಾರಕ್ಕೆ ಹೋಯಿತು. ಎಡ ಮುಂಭಾಗ, ಬಲ ಮುಂಭಾಗ, ಬೆನ್ನು. ಆಮೇಲೆ ಅಂಗಿ ಮಡಚಿ, ಗಂಟಿನ ಮೇಲಿಟ್ಟು, ಹೊಸದು ಹರವಿ, ನೀರು ಚಿಮುಕಿಸಿ, ಕೊನೆಗೆ ಬೆರಳು. ಎಪ್ಪತ್ತಾರು ಸೆಕೆಂಡು. ಗುರುಜಿ ರಸ್ತೆ ದಾಟಿದರು.

“ಸಮದ ಸಾಹೇಬ್ರ, ಆರು ನಡಿ ಆದ ಮ್ಯಾಲ ಏಳನೇದಕ್ಕ ಯಾಕ ತಡಾ ಮಾಡ್ತೀರಿ?”

“ಅಂಗಿ ಮಡಚಬೇಕಲ್ರಿ ಗುರುಜಿ.”

“ಮತ್ತ ಭಾಲ್ಕಿದಾಗ ಇದನ್ನ ಯಾಕ ಹೇಳಲಿಲ್ರಿ?”

ಚಾಚಾ ತಲೆ ಕೆರೆದುಕೊಂಡರು. “ನನಗೂ ಗೊತ್ತಿರ್ಲಿಲ್ರಿ. ಇಸ್ತ್ರಿ ಬಿಟ್ಟು ನಾ ಎಂದೂ ಆಡೇ ಇಲ್ಲ.”

ಹಿಂದಿನ ಮನೆಯಿಂದ ಚಹಾ ತಂದ ಹೆಂಡತಿ ಕುಲಸುಮಬೀ ಬಾಗಿಲಲ್ಲೇ ನಿಂತು ಕೇಳಿಸಿಕೊಂಡರು. “ನನ್ನ ಕೇಳಿದ್ರ ಮೊದಲೇ ಹೇಳ್ತಿದ್ದೆ ಗುರುಜಿ. ಲಗ್ನ ಆಗಿ ಮೂವತ್ತೊಂದು ವರ್ಷ, ಕುಂತಾಗ ಇವ್ರ ತಲಿ ಒಮ್ಮಿನೂ ಓಡಿಲ್ರಿ.”

ಗುರುಜಿ ಪತ್ರವನ್ನು ನಾಲ್ಕು ಮಡಿಕೆ ಮಾಡಿ ಚಹಾ ಲೋಟದ ಕೆಳಗಿಟ್ಟರು. ಆದರೆ ಲೀಗಿನವರಿಗೆಲ್ಲ ಕಣ್ಣಾರೆ ಕಾಣಿಸಬೇಕಿತ್ತು. ಮತ್ತೊಂದು ಪಂದ್ಯ ಗೊತ್ತಾಯಿತು.

ಆ ದಂಡಯಾತ್ರೆಯನ್ನು ಭಾಲ್ಕಿ ಬಸ್ಸು ಇನ್ನೂ ಮರೆತಿಲ್ಲ. ಮುಂದೆ ಕುಲಸುಮಬೀ, ಬಗಲಲ್ಲಿ ಇದ್ದಿಲಿನ ಚೀಲ. ಹಿಂದೆ ಬಾದಶಹ, ಎದೆಗವಚಿದ ಇಸ್ತ್ರಿಪೆಟ್ಟಿಗೆ. ಅದರ ಹಿಂದೆ ರುಖ್ಸಾರ, ಬೇಕೆಂದೇ ಮುದುಡಿಸಿದ ಆರು ಅಂಗಿಗಳ ಗಂಟು. ಆರೇ ಸಾಕೆಂದು ಲೆಕ್ಕ ಹಾಕಿದ್ದು ಕುಲಸುಮಬೀ. ಮಡಚುವುದೂ ಸೇರಿ ಒಂದಕ್ಕೆ ಏಳರಂತೆ ಆರು ಅಂಗಿಗೆ ನಲವತ್ತೆರಡು ನಡೆ, ಗಂಡನ ಎದುರು ಅಷ್ಟು ದೂರ ಯಾರೂ ಬದುಕಿದ್ದಿಲ್ಲ.

ವಾಚನಾಲಯದ ಪತ್ರಿಕೆಗಳ ಮೇಜಿಗೆ ಕಂಬಳಿ ಹಾಸಿದರು. ಹಲಗೆ ಒಂದು ತುದಿಯಲ್ಲಿ, ಅಂಗಿ ಇನ್ನೊಂದು ತುದಿಯಲ್ಲಿ. ಕೆಂಡ ಹೊತ್ತಿತು, ಹಬೆ ಎದ್ದಿತು, ಮೂವತ್ತು ಜನರ ನಡುವೆ ಬಯಲು ಮೆಲ್ಲಗೆ ಬಿಚ್ಚಿಕೊಂಡಿತು. ಬೇಯುವ ಗಂಜಿಯ ವಾಸನೆಗೆ ಕೆಲವರಿಗೆ ತೂಕಡಿಕೆಯೂ ಬಂತು. ಒಬ್ಬರು ಮಗುವಾಗಿದ್ದಾಗಿನ ಈದಿನ ಮುಂಜಾವು ನೆನಪಾಯಿತೆಂದು ಆಮೇಲೆ ಹೇಳಿದರು. ಒಂಟೆಗಳು ಇಳಿದವು. ವಿಶ್ವಾಸ ಕದಲಲಿಲ್ಲ. ಅವನು ಒಳ್ಳೆಯ ಆಟಗಾರ, ಹಲ್ಲು ಕಚ್ಚಿ ಗೋಡೆಯ ಮೇಲೆ ಗೋಡೆ ಕಟ್ಟಿದ. ನಾಲ್ಕನೆಯ ಅಂಗಿ ಮುಗಿಯಿತು, ಐದನೆಯದು ಮುಗಿಯಿತು. ಆರನೆಯದನ್ನು ಮಡಚಿಟ್ಟು ನಲವತ್ತೆರಡನೆಯ ನಡೆ ಆಡಿದಾಗ ಚಾಚಾನ ಗಡಿಯಾರದಲ್ಲಿ ಒಂದೂವರೆ ನಿಮಿಷ ಉಳಿದಿತ್ತು. ಶತ್ರು ರಾಜ ಮೂಲೆಯಲ್ಲಿದ್ದ, ಆದರೆ ಇನ್ನೂ ಬದುಕಿದ್ದ. ವಿಶ್ವಾಸ ಮರುನಡೆ ಆಡಿದ.

ಚಾಚಾ ಗಂಟಿನ ಕಡೆ ಕೈ ಚಾಚಿದರು. ಏನೂ ಇರಲಿಲ್ಲ.

ಬಯಲು ಆರಿಹೋಯಿತು. ಕೈಯಲ್ಲಿ ಸುಡುವ ಇಸ್ತ್ರಿ, ಎದುರು ಖಾಲಿ ಕಂಬಳಿ, ಕಟ್ಟಿಗೆಯ ಕುದುರೆಗಳು. ಇಸ್ತ್ರಿಯಾದ ಅಂಗಿಯನ್ನೇ ಮತ್ತೆ ಹರವಿ ನೋಡಿದರು. ನೆರಿಗೆಯಿಲ್ಲದ ಬಟ್ಟೆಯಲ್ಲಿ ಒಂಟೆಗೆ ದಾರಿ ಸಿಗಲಿಲ್ಲ. ಹತ್ತು ಸೆಕೆಂಡು ಹೋದವು, ಇಪ್ಪತ್ತು ಹೋದವು. ಕುಲಸುಮಬೀ ತಮ್ಮ ಸೆರಗನ್ನೇ ನೋಡಿಕೊಳ್ಳತೊಡಗಿದರು.

ಆಗ ವಿಶ್ವಾಸ ಎದ್ದು ನಿಂತು ಅಂಗಿಯ ಗುಂಡಿ ಬಿಚ್ಚಿದ. ಔರಾದದಿಂದ ಬೈಕಿನ ಮೇಲೆ ಬಂದ ಕಾಟನ್ ಅಂಗಿ, ಅದರ ಮೇಲೆ ಇಲ್ಲದ ನೆರಿಗೆ ಜಗತ್ತಿನಲ್ಲಿಲ್ಲ. ಕಿರೀಟಧಾರಿ ಬನಿಯನ್ನಿನಲ್ಲಿ ಕೂತ.

“ತಗೋರಿ ಚಾಚಾ. ಖಾಲಿ ಕೈಯವ್ರ ಜೋಡಿ ಆಡಿ ಗೆದ್ದಿದ್ದು ಒಮ್ಮಿ ಸಾಕಾಗ್ಯದ.”

ನೀರು ಚಿಮುಕಿತು. ಕೊರಳಪಟ್ಟಿ ಮುಗಿಯಿತು, ಕುದುರೆ ಹಾರಿತು. ವಿಶ್ವಾಸ ತಕ್ಷಣ ರಾಜನನ್ನು ಸರಿಸಿದ. ಚಾಚಾನ ಗಡಿಯಾರದಲ್ಲಿ ಉಳಿದದ್ದು ಹದಿನೆಂಟು ಸೆಕೆಂಡು. ಚಾಚಾ ಎಡತೋಳು ಹಿಡಿದರು. ತೋಳಿನ ಅರ್ಧಕ್ಕೆ ಬಂದಾಗ ಬಯಲಿನ ಕೊನೆಯಲ್ಲಿ ಎಲ್ಲ ಸ್ಪಷ್ಟವಾಯಿತು. ಆನೆಯ ಒಂದೇ ಹೆಜ್ಜೆ, ರಾಜನಿಗೆ ಹೋಗಲು ಜಾಗವಿಲ್ಲ. ಮುಖದ ಮೇಲೆ ನಗು ಬಂದದ್ದನ್ನು ಎಲ್ಲರೂ ಕಂಡರು. ಕೈ ಮಾತ್ರ ಇಸ್ತ್ರಿ ಬಿಡಲಿಲ್ಲ. ಮೊಣಕೈಯ ಬಳಿ ಒಂದು ಹಠಮಾರಿ ನೆರಿಗೆ ಇತ್ತು, ಅರ್ಧಕ್ಕೆ ಬಿಟ್ಟರೆ ಅಲ್ಲೇ ಗೆರೆ ಕೂತುಬಿಡುತ್ತದೆ, ಅದೂ ನಂಬಿ ಬಿಚ್ಚಿಕೊಟ್ಟ ಅಂಗಿ. ಚಾಚಾ ಗಡಿಯಾರ ನೋಡಿದರು, ತೋಳು ನೋಡಿದರು, ಇನ್ನೊಮ್ಮೆ ನೀರು ಚಿಮುಕಿಸಿದರು.

ಗಡಿಯಾರ ಕೂಗಿತು.

ತೋಳು ಮುಗಿಯಿತು. ಪೆಟ್ಟಿಗೆಯನ್ನು ಸ್ಟ್ಯಾಂಡಿನ ಮೇಲಿಟ್ಟು ಚಾಚಾ ಆನೆಯನ್ನು ಒಂದು ಮನೆ ಸರಿಸಿದರು. ಅವರು ಉಳಿದ ಅಂಗಿಯನ್ನೂ ಸಾವಕಾಶವಾಗಿ ಮುಗಿಸಿ, ಮಡಚದೆ, ಎರಡು ಭುಜ ಹಿಡಿದು ವಿಶ್ವಾಸನಿಗೆ ಚಾಚಿದರು. ವಿಶ್ವಾಸ ಬಿಸಿ ಅಂಗಿ ತೊಟ್ಟು, ಹಲಗೆಯನ್ನು ಬಹಳ ಹೊತ್ತು ನೋಡಿ, ಗುರುಜಿಯ ಕಡೆ ತಿರುಗಿದ.

“ಬರೀರಿ ಗುರುಜಿ, ನಾ ಗೆದ್ದೀನಿ ಅಂತ. ಕೆಳಗ ಇದನ್ನೂ ಬರೀರಿ, ಮಷೀನ ಹಿಂಗ ಸೋಲಂಗಿಲ್ಲ ಅಂತ.”

ಗುರುಜಿ ಎರಡನ್ನೂ ಬರೆದು, ಅಮಾನತು ರದ್ದು ಎಂದು ಮೂರನೆಯ ಸಾಲು ಸೇರಿಸಿ, ಅಲ್ಲಿಂದಲೇ ಗುಂಪಿಗೆ ಹಾಕಿದರು.

ಮಂಗಳವಾರ ಕರುಣಾಬಾಯಿ ಸ್ಕೂಟರಿನಿಂದ ಇಳಿಯಲೂ ಇಲ್ಲ. ಡ್ಯೂಟಿಗೆ ತಡವಾಗಿದೆ ಎಂದು ಗಂಟನ್ನು ಹಾಗೇ ಕೊಕ್ಕೆಗೆ ತೂಗಿಸಿಕೊಂಡು, ಭಾಲ್ಕಿಯಲ್ಲಿ ನಿಜವಾಗಿಯೂ ಆನೆ ಒಂದು ಮನೆ ಸರಿಸಿದ್ದರೆ ಗೆಲ್ಲುತ್ತಿದ್ದಿರಾ ಎಂದು ಕೇಳಿ, ಉತ್ತರಕ್ಕೂ ನಿಲ್ಲದೆ ಹೋದರು. ಸಮದ ಚಾಚಾ ಸ್ಕೂಟರು ತಿರುವಿನಲ್ಲಿ ಮರೆಯಾಗುವವರೆಗೂ ನೋಡಿದರು. ಕರುಣಾಬಾಯಿ ಬಟ್ಟೆ ಎಣಿಸಿರಲಿಲ್ಲ. ತಿರುಗಿ ನೋಡಿದರೆ ಮೇಜಿನ ಕೆಳಗೆ ಅವರದೇ ನೀಲಿ ಓಢಣಿಯೊಂದು ಜಾರಿ ಬಿದ್ದಿತ್ತು. ಎಣಿಸಿದ್ದರೆ ಆಗಲೇ ಗೊತ್ತಾಗುತ್ತಿತ್ತು. ಬಾದಶಹ ಅದನ್ನೆತ್ತಿ ಮತ್ತೊಮ್ಮೆ ಇಸ್ತ್ರಿ ಮಾಡಿ, ಎರಡೂ ಅಂಗೈಯ ಮೇಲೆ ವಿಜಯಪತಾಕೆಯಂತೆ ಹೊತ್ತು, ಮಧ್ಯಾಹ್ನದ ಬಿಸಿಲಲ್ಲಿ, ಫೋನಿನಲ್ಲಿ ನಡೆದಿದ್ದ ಆಟವನ್ನು ಹಾಗೇ ಬಿಟ್ಟು, ಕರುಣಾಬಾಯಿಯ ಮನೆಯ ಕಡೆ ಹೊರಟರು.